ನಿಂತಾಗ ಬಿಸಿ, ಓಡಿದಾಗ ತಂಪು

ಅಕ್ಕ ಸಿಟ್ಟು ಬಂದರೆ ಕೂಗಾಡುವವಳಲ್ಲ, ಪಾತ್ರೆ ತೊಳೆಯುವವಳು. ತೊಳೆದಿಟ್ಟ ಪಾತ್ರೆಯನ್ನೇ ಕೆಳಗಿಳಿಸಿ ಮತ್ತೆ ತೊಳೆಯುವವಳು. ಆ ಸಂಜೆ ಅವಳ ತಮ್ಮ ಕೆಲಸದಿಂದ ಮನೆಗೆ ಬಂದಾಗ ಅಡುಗೆಮನೆಯಲ್ಲಿ ದಂಡು ಹೊರಟಂಥ ಸದ್ದು. ಭಾವ ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

“ಎಲ್ಲಿಗೆ ಭಾವ?”

“ಸುಮ್ನೆ. ಗಾಳಿಗೆ.”

“ಏನಾಯ್ತು ಒಳಗೆ?”

“ಈ ಸಲ ನಾನಲ್ಲಪ್ಪ,” ಎಂದರು ಭಾವ, ಮುಖದಲ್ಲಿ ಅಪರೂಪದ ನೆಮ್ಮದಿ. “ನೀನು.”

ಊಟದ ಮೇಜಿನ ಮೇಲೆ ಒಂದು ಕಾಗದ ಬಿದ್ದಿತ್ತು. ತಮ್ಮನ ವರ್ಕ್‌ಶಾಪಿನದೇ ಕಾಗದ. ‘ಗಾಡಿಯ ಎಸಿ ಪರೀಕ್ಷಿಸಲಾಗಿದೆ. ಯಾವುದೇ ದೋಷ ಕಂಡುಬಂದಿಲ್ಲ. ಸಂಪೂರ್ಣ ಸುಸ್ಥಿತಿಯಲ್ಲಿದೆ.’ ಕೆಳಗೆ ಸಹಿ. ಕೊನೆಯಲ್ಲಿ ಬಾಲ ಎಳೆದು, ಬಾಲದ ಕೆಳಗೆ ಎರಡು ಚುಕ್ಕೆ ಇಟ್ಟ ದೊಡ್ಡ ಮನುಷ್ಯನ ಸಹಿ. ಅದು ಅವನದೇ.

ತಮ್ಮನ ಕೆಲಸದ ಬಗ್ಗೆ ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅವನು ಊರ ಹೊರಗಿನ ದೊಡ್ಡ ಕಾರು ವರ್ಕ್‌ಶಾಪಿನಲ್ಲಿ ಮುಂದಿನ ಮೇಜಿನವನು. ಟೈ ಕಟ್ಟುತ್ತಾನೆ. ಗಿರಾಕಿ ಬಂದು “ಏನೋ ಕಟಕಟ ಅಂತಿದೆ” ಎಂದರೆ ಅದನ್ನು ಗಂಭೀರ ಭಾಷೆಗೆ ತಿರುಗಿಸಿ ಒಳಗೆ ಕಳಿಸಬೇಕು; ಒಳಗಿನವರು “ಏನೂ ಇಲ್ಲ, ಕಳ್ಸು” ಎಂದರೆ ಅದನ್ನು ಇನ್ನೂ ಗಂಭೀರ ಭಾಷೆಗೆ ತಿರುಗಿಸಿ ಗಿರಾಕಿಗೆ ದಾಟಿಸಬೇಕು. ನಡುವೆ ಅವನಿಗೆ ಕಾರಿನ ಬಗ್ಗೆ ಏನಾದರೂ ಗೊತ್ತಿರಬೇಕೆಂದು ಯಾರೂ ಕೇಳಿಲ್ಲ, ಅವನೂ ಒತ್ತಾಯ ಮಾಡಿಲ್ಲ. ಬಾನೆಟ್ ತೆರೆಯುವ ಹಿಡಿ ಎಲ್ಲಿದೆಯೆಂದು ತಡಕಾಡುವಾಗ, ಬೇರೇನನ್ನೋ ಆಳವಾಗಿ ಪರೀಕ್ಷಿಸುತ್ತಿರುವವನಂತೆ ಹುಬ್ಬು ಗಂಟಿಕ್ಕುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ.

ಅಕ್ಕ ಹಾಗಲ್ಲ. ಮದುವೆಗೆ ಮೊದಲೂ ಆಮೇಲೂ ಅವಳು ಒಂದು ಸಂದಿಯ ಅಂಗಡಿಯಲ್ಲಿ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದಳು. ದಿನವಿಡೀ ಕಾರಿನೊಳಗೆ ಕೂತಿರುವುದು, ಆದರೆ ಒಂದೂ ಎಲ್ಲಿಗೂ ಹೋಗುವುದಿಲ್ಲ. ಕವರು ತೊಡಿಸಿದ ಗಾಡಿಯನ್ನು ಹಿಂದೆ ತಳ್ಳಿ ಮುಂದಿನದನ್ನು ಒಳಗೆ ತರಬೇಕಾದಾಗ ಅಂಗಡಿಯವನಿಗೆ ಸೋಮಾರಿತನ. ಅಕ್ಕನೇ ಸ್ಟೀರಿಂಗ್ ಚಕ್ರ ಹಿಡಿದಳು. ಹಾಗೆ ಆ ಸಂದಿಯಲ್ಲಿ ಮುಂದೊಂದು ಮಾರು, ಹಿಂದೊಂದು ಮಾರು ಓಡಿಸುತ್ತಲೇ ಡ್ರೈವಿಂಗ್ ಕಲಿತವಳು ಅವಳು. ಅದಕ್ಕೇ ರಿವರ್ಸಿನಲ್ಲಿ ಅವಳನ್ನು ಮೀರಿಸುವವರಿಲ್ಲ. ಆಮೇಲೆ ಸೂಜಿ ಬಿಟ್ಟು ಒಂದು ಹಳೆಯ ಕಾರು ಕೊಂಡು, ಗೊತ್ತಿರುವವರ ಮನೆಗಳಿಗೆ ಬಾಡಿಗೆ ಓಡಿಸತೊಡಗಿದಳು. “ಹೆಂಗಸು ಗಾಡಿ ಓಡಿಸ್ತಾಳಾ?” ಎಂದು ಕೇಳಿದವರನ್ನು ಮೊದಲು ಮನೆ ಮುಟ್ಟಿಸಿ ಆಮೇಲೆ “ಓಡಿಸಿದ್ಲಾ?” ಎಂದು ಕೇಳುವುದು ಅವಳ ಕ್ರಮ.

ಅವಳ ಖಾಯಂ ಗಿರಾಕಿಗಳಲ್ಲಿ ಟೀಚರಮ್ಮ ಒಬ್ಬರು. ಒಂದು ಕಾಲದಲ್ಲಿ ಊರ ಅರ್ಧ ಗುಮಾಸ್ತರಿಗೆ ಟೈಪಿಂಗ್ ಕಲಿಸಿದವರು. ಈಗ ನರದ ಕಾಯಿಲೆ. ಆ ಕಾಯಿಲೆಗೆ ಬಿಸಿ ಎಂದರೆ ಆಗದು. ಮೈ ಸ್ವಲ್ಪ ಕಾದರೆ ಸಾಕು, ಕೈಕಾಲು ಅವರ ಮಾತು ಕೇಳುವುದನ್ನು ನಿಲ್ಲಿಸಿಬಿಡುತ್ತವೆ. ಅವರನ್ನು ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಕರೆದೊಯ್ದು ಕರೆತರುವುದು ಅಕ್ಕನ ಪಾಲಿಗೆ ಬರೀ ಬಾಡಿಗೆಯಾಗಿರಲಿಲ್ಲ. ಟೀಚರಮ್ಮ ಹಿಂದಿನ ಸೀಟಿನಲ್ಲಿ ಕೂತು ಇಡೀ ದಾರಿ ರಸ್ತೆಬದಿಯ ಬೋರ್ಡುಗಳ ತಪ್ಪು ಹುಡುಕುತ್ತಿದ್ದರು, ಅಕ್ಕ ನಗುತ್ತಿದ್ದಳು. ಹೀಗೇ ವರ್ಷಗಳು ಕಳೆದಿದ್ದವು.

ತೊಂದರೆ ಶುರುವಾದದ್ದು ಈ ಬೇಸಿಗೆಯಲ್ಲಿ. ಗಾಡಿ ಓಡುವಾಗ ಎಸಿ ಹಿತವಾಗಿರುತ್ತಿತ್ತು. ದಾರಿಯಲ್ಲಿ ರೈಲ್ವೆ ಗೇಟು ಬಿದ್ದು ನಿಲ್ಲಬೇಕಾಯಿತೋ, ಎಸಿಯ ಕಿಂಡಿಗಳಿಂದ ಮೊದಲು ಉಗುರುಬೆಚ್ಚಗೆ, ಆಮೇಲೆ ಯಾರೋ ಮುಖದ ಮೇಲೆ ಉಸಿರು ಬಿಟ್ಟಂತೆ ಗಾಳಿ. ಗೇಟು ಎದ್ದು ಗಾಡಿ ಓಡಿದರೆ ಮತ್ತೆ ತಂಪು. ಒಂದು ದಿನ ಎರಡು ರೈಲು ಒಂದರ ಹಿಂದೊಂದು ಬಂದವು. ಆಸ್ಪತ್ರೆ ಮುಟ್ಟಿದಾಗ ಟೀಚರಮ್ಮನಿಗೆ ಕಾರಿನಿಂದ ಕಾಲು ಕೆಳಗಿಡಲು ಆಗಲಿಲ್ಲ. ಅಕ್ಕ ಎತ್ತಿ ಇಳಿಸಿದಳು.

ಅಂದೇ ಗಾಡಿ ತಮ್ಮನ ವರ್ಕ್‌ಶಾಪಿಗೆ ಬಂತು. ಅಲ್ಲಿ ಎಸಿ ನೋಡುವವನನ್ನು ಎಲ್ಲರೂ ಕರೆಯುವುದು ಗ್ಯಾಸಣ್ಣ ಎಂದು. ಎಸಿಯ ಯಾವ ಕಾಯಿಲೆಗೂ ಅವನ ಮದ್ದು ಒಂದೇ: ಗ್ಯಾಸು ತುಂಬುವುದು. ತುಂಬಿದ. ಬೈಪಾಸ್ ರಸ್ತೆಯಲ್ಲಿ ಜೋರಾಗಿ ಓಡಿಸಿ ಬಂದು “ಹಲ್ಲು ಕಟಕಟ ಅನ್ನೋ ಹಾಗಿದೆ” ಎಂದ. ಶೆಡ್ಡಿನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿ ನೋಡಿದ, ಅಲ್ಲೂ ತಂಪು. ಮರುವಾರ ಗಾಡಿ ಮತ್ತೆ ಬಂತು, ಮತ್ತೆ ಗ್ಯಾಸು, ಮತ್ತೆ ಬೈಪಾಸು, ಮತ್ತೆ ಥರ್ಮಾಮೀಟರು. “ನಿಮ್ಮಕ್ಕಂಗೆ ಸೆಖೆ ಜಾಸ್ತಿ ಕಣೋ, ವಯಸ್ಸು,” ಎಂದು ಗ್ಯಾಸಣ್ಣ ತಮ್ಮನ ಕಿವಿಯಲ್ಲಿ ಹೇಳಿದ. ತಮ್ಮ ಅದನ್ನು ಗಂಭೀರ ಭಾಷೆಗೆ ತಿರುಗಿಸಿ, ಸಹಿ ಹಾಕಿ, ಲಕೋಟೆಯಲ್ಲಿಟ್ಟು ಕೊಟ್ಟ.

ಅಕ್ಕ ಆ ಲಕೋಟೆಯನ್ನು ತೆರೆದೂ ನೋಡದೆ ಟೀಚರಮ್ಮನ ಮಗನಿಗೆ ಕೊಟ್ಟಿದ್ದಳು. “ನನ್ನ ತಮ್ಮ ಅಲ್ಲೇ ಇರೋದು, ಎಲ್ಲಾ ನೋಡಿ ಬರ್ಕೊಟ್ಟಿದ್ದಾನೆ” ಎಂದು ಹೆಮ್ಮೆಯಿಂದ. ಮಗ ಓದಿದ. ಓದಿ, ಕಾಗದವನ್ನು ಅಕ್ಕನಿಗೇ ವಾಪಸು ಕೊಟ್ಟು ಹೇಳಿದ್ದು ಇಷ್ಟು: “ಹಾಗಾದ್ರೆ ಗೇಟಲ್ಲಿ ಎಸಿ ಆಫ್ ಮಾಡೋದು ನೀವೇ ಅಂತಾಯ್ತಲ್ಲ? ಪೆಟ್ರೋಲ್ ಉಳಿಸೋಕೆ? ಕಾಯಿಲೆ ಮನುಷ್ಯರ ಮೇಲೆ ಇಂಥ ಕಳ್ಳಾಟ ಆಡ್ತೀರಾ? ಸೋಮವಾರದಿಂದ ಬೇರೆ ಗಾಡಿ ಹೇಳಿದೀನಿ.”

ಅಡುಗೆಮನೆಯ ಸದ್ದು ನಿಂತಿತು. ಅಕ್ಕ ಒದ್ದೆ ಕೈಯಲ್ಲೇ ಬಂದು ತಮ್ಮನೆದುರು ನಿಂತಳು.

“ನಾಳೆ ನನ್ನ ಜೊತೆ ಬಾ.”

“ಅಕ್ಕಾ, ನಾಳೆ ಡ್ಯೂಟಿ—”

“ಡ್ಯೂಟಿಗೇ ಬಾ. ನಾನೇ ಬಿಡ್ತೀನಿ. ಗೇಟಿನ ದಾರೀಲಿ.”

ಮರುದಿನ ಅವನನ್ನು ಟೀಚರಮ್ಮನ ಸೀಟಿನಲ್ಲೇ ಕೂರಿಸಿದಳು. ಮೊದಲೆಲ್ಲ ತಂಪು ತಂಪು. ಸುಸ್ಥಿತಿಯಲ್ಲಿದೆ ಎಂದು ಬರೆದದ್ದರಲ್ಲಿ ತಪ್ಪೇನಿದೆ ಎಂದು ತಮ್ಮ ಮನಸ್ಸಿನಲ್ಲೇ ಟೈ ಸರಿಮಾಡಿಕೊಂಡ. ಗೇಟು ಬಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಅಕ್ಕ ಒಂದು ಮಾತೂ ಆಡದೆ ಎರಡೂ ಕೈಗಳನ್ನು ಚಕ್ರದ ಮೇಲೆ, ಅವನಿಗೆ ಕಾಣುವ ಹಾಗೆ ಇಟ್ಟುಕೊಂಡಳು. ಎಸಿಯ ಗುಂಡಿಯ ದೀಪ ಉರಿಯುತ್ತಲೇ ಇತ್ತು. ಗಾಳಿ ಬರುತ್ತಲೇ ಇತ್ತು. ಆ ಗಾಳಿ ಬೆಚ್ಚಗಾಗಿ, ಬಿಸಿಯಾಗಿ, ರೈಲಿನ ಕೂಗು ಕೇಳುವ ಹೊತ್ತಿಗೆ ತಮ್ಮನ ಕಾಲರು ಕುತ್ತಿಗೆಗೆ ಅಂಟಿ, ಟೈ ಎಂಬುದನ್ನು ಕಂಡುಹಿಡಿದವನು ಎಂದೂ ಗೇಟಿನಲ್ಲಿ ನಿಂತವನಲ್ಲ ಎಂಬುದು ಖಾತ್ರಿಯಾಯಿತು.

“ನಾನು ಆಫ್ ಮಾಡಿದ್ನಾ?” ಎಂದಳು ಅಕ್ಕ, ಹಿಂದೆ ತಿರುಗದೆ.

“ಇಲ್ಲ.”

“ಜೋರಾಗಿ ಹೇಳು.”

“ಇಲ್ಲ ಅಕ್ಕಾ!”

ವರ್ಕ್‌ಶಾಪಿಗೆ ಬಂದಾಗ ಅವನ ಅಂಗಿ ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು. ಗಾಡಿಯನ್ನು ನೇರ ಗ್ಯಾಸಣ್ಣನ ಮೂಲೆಗೆ ಒಯ್ದರು. ಎಂಜಿನ್ ಆರಿಸಲಿಲ್ಲ, ಬಾನೆಟ್ ತೆರೆದರು, ಥರ್ಮಾಮೀಟರ್ ಸಿಕ್ಕಿಸಿದರು. ನಿಂತು ಎಷ್ಟು ಹೊತ್ತಾದರೂ ಗಾಡಿಯೊಳಗೆ ತಂಪೇ! ತಮ್ಮ ಒಳಗೆ ಕೈ ಹಾಕಿ ನೋಡಿದ. ಅಕ್ಕನೂ ಕೈ ಹಾಕಿ ನೋಡಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ಅನುಮಾನ ಕಂಡಿತು. ಅದು ಗಾಡಿಯ ಮೇಲಿನದಲ್ಲ, ತನ್ನ ಮೇಲಿನದು. ತಮ್ಮ ಥರ್ಮಾಮೀಟರನ್ನು ಬಿಟ್ಟು ಅವಳನ್ನೇ ನೋಡಿದ. ಇಷ್ಟು ಜನ ಸೇರಿ ಒಬ್ಬಳಿಗೆ ಅವಳ ಮೈಯ ಬೆವರೇ ಸುಳ್ಳು ಎನ್ನಿಸಿಬಿಡಬಹುದಲ್ಲ!

ಅಷ್ಟರಲ್ಲಿ ಮ್ಯಾನೇಜರ್ ಬಂದು, ಅಲ್ಲಿನ ಗದ್ದಲದ ಮೇಲೆ ದನಿ ಎತ್ತಿ ಕೇಳಿದರು. “ಏನಮ್ಮಾ, ಮತ್ತೆ ನೀವೇನಾ?”

“ಗೇಟಲ್ಲಿ ನಿಂತ್ರೆ ಬಿಸಿ ಆಗುತ್ತೆ ಸಾರ್. ಈಗ್ತಾನೆ ನನ್ನ ತಮ್ಮಾನೂ ನೋಡಿದ್ದಾನೆ.”

“ನಿಮ್ಮ ತಮ್ಮ ಅಲ್ವಾ, ನೋಡ್ತಾನೆ.” ಮ್ಯಾನೇಜರ್ ನಕ್ಕರು. “ಇಲ್ಲೂ ನಿಂತೇ ಇದೆಯಲ್ಲಮ್ಮಾ ಗಾಡಿ? ತಂಪಾಗೇ ಇದೆ. ತಪ್ಪು ತಿಳ್ಕೋಬೇಡಿ, ಓಡಿಸೋ ರೀತೀಲಿ ಇರುತ್ತೆ. ಲೇಡೀಸ್ ಸ್ವಲ್ಪ ಕ್ಲಚ್ ಮೇಲೆ ಕಾಲಿಟ್ಕೊಂಡೇ...”

ಕ್ಲಚ್ಚಿಗೂ ತಣ್ಣನೆ ಗಾಳಿಗೂ ಏನು ಸಂಬಂಧವೆಂದು ಕೇಳುವಷ್ಟು ವಿದ್ಯೆ ತಮ್ಮನಿಗಿರಲಿಲ್ಲ. ಆದರೆ ಇದು ತಲೆಯಿಲ್ಲದ ಮಾತೆಂದು ತಿಳಿಯುವಷ್ಟು ಇತ್ತು. ಅಕ್ಕ ಬಾಯಿ ತೆರೆದಳು. ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ.

ಕಾರಣ, ಕುಂಭಕರ್ಣ. ಗ್ಯಾಸಣ್ಣನ ಮೂಲೆಗೆ ಕಿಟಕಿಯಿಲ್ಲ, ಮೇಲೆ ತಗಡು. ಅಲ್ಲಿ ಬೇಯುವವರಿಗಾಗಿ ಚಕ್ರವಿರುವ ಒಂದು ಫ್ಯಾನು ತಂದಿಟ್ಟಿದ್ದರು. ಅಗಲದಲ್ಲಿ ಎತ್ತಿನ ಗಾಡಿಯ ಚಕ್ರದಷ್ಟು, ಸದ್ದಿನಲ್ಲಿ ಗೊರಕೆ ಹೊಡೆಯುವ ದೈತ್ಯನಷ್ಟು. ಅದಕ್ಕೇ ಆ ಹೆಸರು. ಬಾನೆಟ್ ಮೇಲೆ ಬಗ್ಗಿದವರ ಮೈಗೆ ಗಾಳಿ ಬೀಳಲೆಂದು ಅದನ್ನು ಯಾವಾಗಲೂ ಗಾಡಿಯ ಮೂತಿಗೆ ಎದುರಾಗಿಯೇ ನಿಲ್ಲಿಸುತ್ತಿದ್ದರು.

“ಮೊದ್ಲು ಅದನ್ನ ಆರಿಸ್ರಿ!” ಎಂದಳು ಅಕ್ಕ, ಗಂಟಲು ಹರಿಯುವಂತೆ. “ನನ್ನ ಮಾತು ನನಗೇ ಕೇಳ್ತಿಲ್ಲ!”

ಯಾರೂ ಅಲುಗಲಿಲ್ಲ. ಸೆಖೆಯಲ್ಲಿ ಕುಂಭಕರ್ಣನನ್ನು ಆರಿಸುವುದು ಅಲ್ಲಿ ಮಹಾಪಾಪ. ತಮ್ಮ ಹೋಗಿ ಸ್ವಿಚ್ ಒತ್ತಿದ. ಆ ವರ್ಕ್‌ಶಾಪಿಗೆ ಸೇರಿದ ಮೇಲೆ ಅವನು ಸ್ವಂತ ಕೈಯಿಂದ ಮಾಡಿದ ತಾಂತ್ರಿಕ ಕೆಲಸ ಅದೊಂದೇ.

ಗೊರಕೆ ನಿಂತಿತು. ಅಕ್ಕ ಶುರುಮಾಡಿದಳು. ಇಷ್ಟು ವರ್ಷ ಪಾತ್ರೆಗಳಿಗೆ ಹೇಳಿದ್ದನ್ನೆಲ್ಲ ಅವಳು ಅಂದು ಮನುಷ್ಯರಿಗೆ ಹೇಳಿದಳು.

“ಮೊದಲನೇ ಸಲ ಬಂದಾಗ ಏನಂದೆ ನಾನು? ನಿಂತಾಗ ಬಿಸಿ, ಓಡಿದಾಗ ತಂಪು ಅಂದೆ. ನೀವೇನ್ ಮಾಡಿದ್ರಿ? ಬೈಪಾಸಲ್ಲಿ ಓಡಿಸ್ಕೊಂಡು ಬಂದು ತಂಪಾಗಿದೆ ಅಂದ್ರಿ. ಹಲ್ಲು ನೋವು ಅಂದ್ರೆ ಮೊಣಕಾಲು ಒತ್ತಿ ನೋಡಿ ಚೆನ್ನಾಗಿದ್ದೀಯ ಅನ್ನೋ ಡಾಕ್ಟ್ರು ನೀವು! ನಿಮ್ಮಲ್ಲಿ ಒಬ್ಬರಾದ್ರೂ ನನ್ನ ಜೊತೆ ಆ ಗೇಟಿಗೆ ಬಂದ್ರಾ? ಬರಲ್ಲ. ಬಂದ್ರೆ ಬೆವರುತ್ತೆ. ಗಂಡಸು ಬಂದು ಹೇಳಿದ್ರೆ ಗಾಡಿ ಕೆಟ್ಟಿರುತ್ತೆ, ಹೆಂಗಸು ಬಂದು ಹೇಳಿದ್ರೆ ಹೆಂಗಸೇ ಕೆಟ್ಟಿರ್ತಾಳೆ, ಅಲ್ವಾ?”

“ಅಕ್ಕಾ, ಒಂದ್ನಿಮಿಷ,” ಎಂದ ಗ್ಯಾಸಣ್ಣ.

“ನೀನು ಸುಮ್ನಿರು! ಎಲ್ಲದಕ್ಕೂ ಗ್ಯಾಸು. ನಾಳೆ ಟಯರ್ ಪಂಕ್ಚರ್ ಅಂದ್ರೂ ಗ್ಯಾಸ್ ತುಂಬೋನು ನೀನು. ಆ ಟೀಚರಮ್ಮ ಎಂಥೋರು ಗೊತ್ತಾ? ಕಾಲು ಸತ್ತು ಕಾರಲ್ಲಿ ಕೂತಿರುವಾಗ್ಲೂ ನನಗೆ ಬೇಜಾರಾಗ್ಬಾರ್ದು ಅಂತ ನಕ್ಕೋರು. ಅವರ ಮಗ ನನ್ನ ಕಳ್ಳಿ ಅಂದ. ಸಾಕ್ಷಿ ಯಾರು? ನಿಮ್ಮ ಕಾಗದ!”

“ಅಲ್ಲ ಅಕ್ಕಾ, ಸ್ವಲ್ಪ...”

“ಮುಗಿಸ್ತೀನಿ, ಇರು! ತಪ್ಪು ಸಿಗಲಿಲ್ಲ ಅಂತ ಬರೀರಿ, ಒಪ್ಕೋತೀನಿ. ತಪ್ಪೇ ಇಲ್ಲ ಅಂತ ಬರೆಯೋಕೆ ನೀವ್ಯಾರು? ನಿಮ್ಮ ಕಣ್ಣಿಗೆ ಕಾಣದೆ ಇದ್ದಿದ್ದು ಲೋಕದಲ್ಲೇ ಇಲ್ವಾ?”

“ಅಕ್ಕಾ, ಬಿಸಿ ಆಯ್ತು,” ಎಂದ ಗ್ಯಾಸಣ್ಣ.

“ಆಗಲಿ! ನನಗೂ ಆಗಿದೆ!”

“ನೀವಲ್ಲ. ಗಾಡಿ.”

ಗ್ಯಾಸಣ್ಣ ಥರ್ಮಾಮೀಟರ್ ಎತ್ತಿ ಹಿಡಿದಿದ್ದ. ಮುಳ್ಳು ಏರಿತ್ತು. ಮ್ಯಾನೇಜರ್ ಕಿಟಕಿಯಿಂದ ಒಳಗೆ ಕೈಹಾಕಿದವರು ಹೊರಗೆ ತೆಗೆದು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಗ್ಯಾಸಣ್ಣ ಬಾನೆಟ್ ಕೆಳಗೆ ಬಗ್ಗಿದ. ಗಾಡಿಯ ಮೂತಿಯ ಹಿಂದೆ ಎರಡು ಸಣ್ಣ ಫ್ಯಾನುಗಳಿದ್ದವು, ಒಂದು ಎಂಜಿನ್ನಿನ ಬಿಸಿ ಇಳಿಸಲು, ಇನ್ನೊಂದು ಎಸಿಯ ಬಿಸಿ ಹೊರಹಾಕಲು. ಮೊದಲನೆಯದು ಭರ್ರೆಂದು ತಿರುಗುತ್ತಿತ್ತು. ಎರಡನೆಯದು ಹೆಣದಂತೆ ನಿಂತಿತ್ತು.

“ಇದು ತಿರುಗ್ತಿತ್ತಲ್ಲೋ,” ಎಂದು ಗ್ಯಾಸಣ್ಣ ತನಗೇ ಹೇಳಿಕೊಂಡ. “ಪ್ರತೀ ಸಲ ನೋಡಿದ್ದೀನಿ ನಾನು. ಈಗ್ತಾನೆ ತಿರುಗ್ತಿತ್ತು.” ಆಮೇಲೆ ಮೆಲ್ಲಗೆ ತಿರುಗಿ ಕುಂಭಕರ್ಣನನ್ನು ನೋಡಿದ. ಯಾರೂ ಹೇಳದೆಯೇ ಹೋಗಿ ಸ್ವಿಚ್ ಒತ್ತಿದ. ಗೊರಕೆ ಎದ್ದಿತು. ಮೂತಿಯ ಜಾಲರಿಯೊಳಗೆ ಗಾಳಿ ನುಗ್ಗಿದ್ದೇ ಸತ್ತ ಫ್ಯಾನಿನ ರೆಕ್ಕೆಗಳು ಏನೂ ಆಗಿಲ್ಲವೆಂಬಂತೆ ತಿರುಗತೊಡಗಿದವು. ಕಿಂಡಿಯಿಂದ ತಂಪೂ ಬರತೊಡಗಿತು.

ಮೋಟರು ಸತ್ತ ಆ ಫ್ಯಾನನ್ನು ತಿರುಗಿಸುತ್ತಿದ್ದದ್ದು ಓಡುವಾಗ ರಸ್ತೆಯ ಗಾಳಿ, ಇಲ್ಲಿ ನಿಂತಾಗ ಕುಂಭಕರ್ಣನ ಗಾಳಿ. ಗೇಟಿನಲ್ಲಿ ಮಾತ್ರ ಅದಕ್ಕೆ ದಿಕ್ಕಿಲ್ಲ. ಯಾರದೋ ಗಾಳಿಗೆ ತಿರುಗಿಕೊಂಡು ತಾನೂ ದುಡಿಯುತ್ತಿದ್ದೇನೆಂದು ತೋರಿಸಿಕೊಂಡಿದ್ದ ಆ ಫ್ಯಾನನ್ನು ಕಂಡು ತಮ್ಮನಿಗೆ ನೆಂಟನನ್ನು ನೋಡಿದ ಹಾಗಾಯಿತು.

“ನಮ್ಮ ಸುಖಕ್ಕೆ ಇಟ್ಕೊಂಡಿದ್ದು ನಮ್ಮ ಕಣ್ಣೇ ಕಟ್ತಲ್ಲಪ್ಪ,” ಎಂದ ಗ್ಯಾಸಣ್ಣ. ಅವನು ಕೆಟ್ಟವನಲ್ಲ. ಕಿವಿ ಹಿಡಿದುಕೊಂಡು “ತಪ್ಪಾಯ್ತಕ್ಕ, ಈಗ್ಲೇ ಹೊಸ ಮೋಟರ್ ಹಾಕ್ತೀನಿ” ಎಂದ.

ಮ್ಯಾನೇಜರ್ ಮಾತ್ರ ತಮ್ಮನನ್ನು ಪಕ್ಕಕ್ಕೆ ಕರೆದರು. “ಫ್ಯಾನ್ ಮೋಟರ್ ಹೋಗಿದೆ, ಬದಲಾಯಿಸಿದೆ ಅಂತ ಬರಿ. ಇವತ್ತು ಹೋಯ್ತು ಅಂತ.”

“ಇವತ್ತಲ್ಲ ಸಾರ್. ಮೊದಲೇ ಹೋಗಿತ್ತು. ನಮಗೆ ಗೊತ್ತಾಗ್ಲಿಲ್ಲ.”

“ಹಳೇದು ತಪ್ಪು ಅಂತ ಬರೆದ್ರೆ ತಪ್ಪು ಯಾರ ತಲೆಗೆ? ಸಹಿ ಯಾರದು?”

“ನಂದು.”

“ಮತ್ತೆ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಒಳ್ಳೆಯದಕ್ಕೆ! ಅವನ ಅಕ್ಕನನ್ನು ಊರೆದುರು ಕಳ್ಳಿ ಮಾಡಿದ್ದನ್ನು ಹಾಗೇ ಬಿಡುವುದು ಅವನ ಒಳ್ಳೆಯದಕ್ಕೆ! ತಮ್ಮ ತನ್ನ ಮೇಜಿಗೆ ಹೋಗಿ, ಮೊದಲಿನ ವರದಿ ತಪ್ಪು, ಪರೀಕ್ಷೆ ಮಾಡಿದ ರೀತಿಯೇ ತಪ್ಪು, ಗಾಡಿ ಓಡಿಸುವವರು ಮೊದಲ ದಿನದಿಂದ ಹೇಳಿದ್ದು ನಿಜ ಎಂದು ಬರೆದ. ಜೀವಮಾನದಲ್ಲಿ ಮೊದಲ ಬಾರಿಗೆ ಗಂಭೀರ ಭಾಷೆ ಬಿಟ್ಟು ಬರೆದ. ಮ್ಯಾನೇಜರ್ ಮೊಹರು ಹಾಕಲಿಲ್ಲ. ಹಾಕುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಗ್ಯಾಸಣ್ಣ ಹೊಸ ಮೋಟರ್ ಹಾಕಿದ ಮೇಲೆ, ಮೊಹರಿಲ್ಲದ ಆ ಕಾಗದವನ್ನೂ ಬಿಚ್ಚಿದ ಸತ್ತ ಮೋಟರನ್ನೂ ತಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಅಕ್ಕನ ಹಿಂದೆ ಹೊರಟ.

“ಡ್ಯೂಟಿ ಟೈಮಲ್ಲಿ ಎಲ್ಲಿಗೆ?” ಎಂದರು ಮ್ಯಾನೇಜರ್.

“ಬರೆದಿದ್ದನ್ನ ತಿದ್ದೋಕೆ ಸಾರ್,” ಎಂದ ತಮ್ಮ, ವೀರನಂತೆ. ಆದರೆ ದನಿ ಎಷ್ಟು ಸಣ್ಣಗಿತ್ತೆಂದರೆ ಮ್ಯಾನೇಜರ್ ಅವನು ಬಾತ್‌ರೂಮಿಗೆ ಹೋಗುತ್ತಿದ್ದಾನೆಂದುಕೊಂಡು “ಬೇಗ ಬಾ” ಎಂದರು.

ಟೀಚರಮ್ಮನ ಮಗ ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ. ತಮ್ಮ ಚೀಲದಿಂದ ಮೋಟರ್ ತೆಗೆದು ತೋರಿಸಿದ. ಬಾಗಿಲಿಗೆ ಯಾರೋ ಸತ್ತ ಇಲಿ ತಂದಂತೆ ಮಗ ಒಂದು ಹೆಜ್ಜೆ ಹಿಂದೆ ಸರಿದ. ತಮ್ಮ ಕುಂಭಕರ್ಣನ ಕತೆಯನ್ನೆಲ್ಲ ಹೇಳಿದ. ಮೊದಲಿನ ಕಾಗದ ಬರೆದವನು ತಾನು, ಬರೆದದ್ದು ಸುಳ್ಳು ಎಂದೂ ಹೇಳಿ ಹೊಸ ಕಾಗದ ಕೊಟ್ಟ.

“ಓ, ಸರಿ ಸರಿ,” ಎಂದ ಮಗ ಗಡಿಯಾರ ನೋಡಿಕೊಳ್ಳುತ್ತ. “ರಿಪೇರಿ ಆಯ್ತಲ್ಲ, ಬಿಡಿ. ಹಾಗಿದ್ರೆ ಸೋಮವಾರ ನೀವೇ ಬನ್ನಿ.”

ಅಕ್ಕ ಹೊಸ್ತಿಲು ಬಿಟ್ಟು ಕದಲಲಿಲ್ಲ. “ರಿಪೇರಿ ಆಗಿದ್ದು ಗಾಡಿ. ನೀವು ಕಳ್ಳಿ ಅಂದಿದ್ದು ನನ್ನನ್ನ.”

“ನಾನು ಹಾಗೆ ಅಂದಿಲ್ಲ.”

“ಅಂದೆ ನೀನು,” ಎಂಬ ದನಿ ಒಳಗಿನಿಂದ ಬಂತು. ಗಾಲಿಕುರ್ಚಿ ಹಜಾರಕ್ಕೆ ಬಂತು, ಅದರಲ್ಲಿ ಟೀಚರಮ್ಮ. “ನಾನು ಪಕ್ಕದಲ್ಲೇ ಇದ್ದೆ. ಅವಳು ಯಾವತ್ತೂ ಆಫ್ ಮಾಡಿಲ್ಲ ಕಣೋ ಅಂತ ನಾನು ಹೇಳಿದ್ದೂ ನಿನ್ನ ಕಿವಿಗೆ ಬೀಳಲಿಲ್ಲ. ನನಗೆ ಹೋಗಿರೋದು ಕೈಕಾಲು, ಕಣ್ಣಲ್ಲ.”

ಮಗ ತಲೆ ತಗ್ಗಿಸಿ ಏನೋ ಗೊಣಗಿದ. “ತಪ್ಪಾಯ್ತು” ಎಂದಿರಬೇಕು.

“ನೆಲಕ್ಕೆ ಯಾಕೆ ಹೇಳ್ತೀರಿ?” ಎಂದಳು ಅಕ್ಕ. “ಅದೇನೂ ಬೇಜಾರ್ ಮಾಡ್ಕೊಂಡಿಲ್ಲ.”

ಮಗನ ಕಿವಿ ಕೆಂಪಾಯಿತು. ಬಾಗಿಲು ಹಾಕಿಬಿಡುತ್ತಾನೆಂದೇ ತಮ್ಮ ಅಂದುಕೊಂಡ. ಆದರೆ ಅವನು ತಾಯಿಯ ಮುಖ ನೋಡಿ, ಆಮೇಲೆ ಅಕ್ಕನ ಮುಖ ನೋಡಿ, ಕೇಳಿಸುವಂತೆ ಹೇಳಿದ.

“ಎಷ್ಟು ಹೊತ್ತಿಗೆ ಬರಲಿ, ಟೀಚರಮ್ಮ?” ಎಂದಳು ಅಕ್ಕ, ಅವನನ್ನು ದಾಟಿ.

ವಾಪಸು ಬರುವಾಗ ಗೇಟು ಬಿದ್ದಿತ್ತು. ಗಾಡಿ ನಿಂತಿತು, ತಂಪು ತಂಪಾಗಿಯೇ ಉಳಿಯಿತು. ಎಲ್ಲ ಮುಗಿಯಿತೆಂದು ತಮ್ಮ ಟೈ ಬಿಚ್ಚಿ ಜೇಬಿಗಿಟ್ಟುಕೊಳ್ಳುತ್ತ, “ಕೊನೆಗೂ ಸರಿಹೋಯ್ತಲ್ಲ ಅಕ್ಕಾ” ಎಂದ.

ಅಕ್ಕ ಎದುರಿನ ಲಾರಿಯನ್ನೇ ನೋಡುತ್ತಿದ್ದಳು.

“ಗ್ಯಾಸಣ್ಣನಿಗೆ ನಾನ್ಯಾರೋ. ನಿಮ್ಮ ಮ್ಯಾನೇಜರಿಗೂ ಅಷ್ಟೆ. ಟೀಚರಮ್ಮನ ಮಗನಿಗೆ ನಾನು ಡ್ರೈವರ್ರು. ನಿನಗೆ?”

ತಮ್ಮ ಟೈಯನ್ನು ಜೇಬಿನೊಳಕ್ಕೆ ಇನ್ನಷ್ಟು ತುರುಕಿದ.

“ಗಾಡಿ ವಿಷಯ ನಿನಗೆ ಗೊತ್ತಿಲ್ಲ, ಅದು ನನಗೆ ಗೊತ್ತು. ನನ್ನ ವಿಷಯ ಗೊತ್ತಿತ್ತಲ್ಲೋ? ನಾನು ಸುಳ್ಳು ಹೇಳಲ್ಲ ಅಂತ?”

ರೈಲು ಬಂದು, ಡಬ್ಬಿ ಡಬ್ಬಿಯಾಗಿ ಹಾದು ಹೋಯಿತು. ಇದನ್ನು ತಿರುಗಿಸಲು ಯಾವ ಗಂಭೀರ ಭಾಷೆಯೂ ಇರಲಿಲ್ಲ.

“ಗೊತ್ತಿತ್ತು,” ಎಂದ.

“ಹಾಗಿದ್ರೆ ಅದನ್ನ ಬರೀಬೇಕಿತ್ತು,” ಎಂದಳು ಅಕ್ಕ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಅವಳು ಗೇರು ಹಾಕಿದಳು.